ಇಲ್ಲದ ಅಧಿಕಾರದ ಆದೇಶ

ತಾನು ಮನಸ್ಸಿಟ್ಟವನನ್ನೇ ತುಂಬಿದ ಸಭೆಯಲ್ಲಿ ಕೆಲಸದಿಂದ ತೆಗೆದ ಹೆಣ್ಣು ನಮ್ಮ ಸೀಮೆಯಲ್ಲಿ ಒಬ್ಬಳೇ ಇರಬೇಕು. ಅವಳು ಚೈತ್ರಾ, ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವಿನ ಒಂದು ಸಣ್ಣ ಊರಿನ ಪುರಸಭೆ ಅಧ್ಯಕ್ಷೆ. ತೆಗೆಸಿಕೊಂಡವನು ಅಲ್ಲಿಯ ಮುಖ್ಯಾಧಿಕಾರಿ ತಿಮ್ಮೇಶ್. ತೆಗೆಯುವ ಅಧಿಕಾರ ಅವಳಿಗೆ ಇರಲೇ ಇಲ್ಲ ಅನ್ನುವುದು ಬೇರೆ ಮಾತು. ಬೇರೆ ಮಾತೇನು, ಇರುವ ಮಾತೇ ಅದು.

ಕುರಿ ಸಾಕುವ ಮನೆಯ ಮಗಳು. ಬಿ.ಎ. ಮುಗಿಸಿ ಬ್ಲೌಸ್ ಹೊಲಿಯುತ್ತಿದ್ದಳು. ಮೀಸಲಾತಿ ಬಂತು, ಗೆದ್ದಳು, ದೊಡ್ಡ ಕುರ್ಚಿ ಸಿಕ್ಕಿತು. ಕುರ್ಚಿಯ ಜೊತೆ ಒಂದು ಬೆಲ್ಲು. ಅದನ್ನು ಒತ್ತಿದರೆ ಜವಾನ ಮುರುಗಪ್ಪ ಮೊದಲು ಪಕ್ಕದ ಕೋಣೆಗೆ ಇಣುಕಿ, "ಸಾಹೇಬ್ರೇ, ಮೇಡಂ ಕರೀತಾವ್ರೆ, ಹೋಗ್ಲಾ?" ಎಂದು ಕೇಳಿಯೇ ಇವಳ ಬಳಿ ಬರುತ್ತಿದ್ದ.

ಒಂದು ದಿನ ಅವಳೇ ಎದ್ದು ಪಕ್ಕದ ಕೋಣೆಗೆ ಹೋದಳು.

"ನನ್ನ ಬೆಲ್ಲಿಗೆ ನಿಮ್ಮ ಪರ್ಮಿಷನ್ ಬೇಕೇನ್ರಿ?"

"ಬ್ಯಾಡ ಮೇಡಂ. ಎಷ್ಟು ಹೇಳಿದ್ರೂ ಅವನು ಕೇಳಲ್ಲ."

"ನಿಮ್ಮ ಮಾತೂ ಕೇಳಲ್ಲ, ನನ್ನ ಮಾತೂ ಕೇಳಲ್ಲ ಅಂದ್ರೆ ಈ ಆಫೀಸ್ನಾಗೆ ನಡೆಯೋದು ಯಾರ ಮಾತು?"

"ಮುರುಗಪ್ಪಂದೇ," ಎಂದು ತಿಮ್ಮೇಶ್ ನಕ್ಕ.

ನಕ್ಕಾಗ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುವುದು ಅವನ ಚಾಳಿ. ಕನ್ನಡಕವಿಲ್ಲದ ಆ ಕಣ್ಣುಗಳು ಆಗಷ್ಟೇ ಎದ್ದ ಮಗುವಿನ ಕಣ್ಣುಗಳಂತಿದ್ದವು. ಚೈತ್ರಾಳಿಗೆ ಬಂದ ಕೆಲಸ ಮರೆತೇಹೋಯಿತು. ಅಂದಿನಿಂದ ಅವನನ್ನು ನಗಿಸಲು ದಿನಕ್ಕೊಂದು ನೆಪ ಹುಡುಕುವುದೇ ಅವಳ ಕೆಲಸವಾಯಿತು.

ಅವನಿಗೂ ತಿಳಿಯುತ್ತಿತ್ತು. ತಿಳಿದದ್ದಕ್ಕೇ ಅವಳ ಕೋಣೆಯಲ್ಲಿರುವಾಗ ಬಾಗಿಲು ಪೂರ್ತಿ ತೆರೆದೇ ಇಡುತ್ತಿದ್ದ.

ಆ ತಿಂಗಳ ಸಾಮಾನ್ಯ ಸಭೆಯಲ್ಲಿ ಬೀದಿದೀಪದ ಮಾತು ಬಂತು. ಊರಂಚಿನ ಏಕಾಂತಮ್ಮನ ಕೇರಿಗೆ ದೀಪ ಹಾಕಿಸುತ್ತೇನೆಂದು ಚೈತ್ರಾ ಮಾತು ಕೊಟ್ಟಿದ್ದಳು. ಟೆಂಡರ್ ಆಗದೆ ಕಂಬ ನೆಡುವಂತಿಲ್ಲ ಎಂದು ತಿಮ್ಮೇಶ್ ಫೈಲು ತಡೆದಿದ್ದ. ಅವನು ಅದನ್ನೇ ವಿವರಿಸುತ್ತಿದ್ದ, ಇವಳು ಕೇಳುತ್ತಿದ್ದಳು. ಕೇಳುತ್ತಿದ್ದಳು ಅನ್ನುವುದಕ್ಕಿಂತ ನೋಡುತ್ತಿದ್ದಳು.

ಎದುರು ಬಣದ ಸದಸ್ಯ ಎತ್ತಪ್ಪ ಎದ್ದು ನಿಂತ. "ಅಧ್ಯಕ್ಷ್ರು ಹಿಂಗೇ ಸಾಹೇಬ್ರ ಮುಖ ನೋಡ್ಕಂಡು ಕುಂತ್ರೆ ಅವರಿಗೇನೋ ಬೆಳಕು ಕಾಣ್ತೈತೆ. ಏಕಾಂತಮ್ಮನ ಕೇರಿಗೆ ಕತ್ಲೇನೇ!"

ಸಭೆ ಹೋ ಎಂದು ನಕ್ಕಿತು. ಚೈತ್ರಾಳ ಕಿವಿಗಳು ಬಿಸಿಯಾದವು. ಮನಸ್ಸಿನ ಮೂಲೆಯಲ್ಲಿ ಮುಚ್ಚಿಟ್ಟಿದ್ದನ್ನು ಯಾರೋ ಬೀದಿಗೆ ಎಳೆದು ಹಾಕಿದ ಹಾಗೆ. ಅದು ಸುಳ್ಳೆಂದು ತೋರಿಸಬೇಕಿತ್ತು, ಆ ಕ್ಷಣದಲ್ಲೇ.

"ಮುಖ್ಯಾಧಿಕಾರಿಗಳನ್ನ ಈಗಿಂದೀಗ್ಲೇ ಕೆಲಸದಿಂದ ತೆಗೆದಿದೀನಿ," ಎಂದುಬಿಟ್ಟಳು. "ಎದ್ದು ಹೋಗ್ರಿ."

ನಗು ನಿಂತಿತು. ಮತ್ತೆ ಎರಡರಷ್ಟಾಗಿ ಎದ್ದಿತು. ಮುಖ್ಯಾಧಿಕಾರಿಯನ್ನು ನೇಮಿಸುವುದು ಸರ್ಕಾರ, ತೆಗೆಯುವುದೂ ಸರ್ಕಾರ. ಅಧ್ಯಕ್ಷರು ಹೆಚ್ಚೆಂದರೆ ದೂರು ಬರೆಯಬಹುದು. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು.

"ಹೇಳ್ರಿ ಸಾಹೇಬ್ರೇ, ಆ ಪವರ್ ಐತಾ ಅಧ್ಯಕ್ಷ್ರಿಗೆ?" ಎಂದ ಎತ್ತಪ್ಪ.

'ಇಲ್ಲ' ಎಂದಿದ್ದರೆ ತಿಮ್ಮೇಶ್ ಗೆಲ್ಲುತ್ತಿದ್ದ. ಅವನು ಎದ್ದ. ಕಚೇರಿಯ ಜೀಪಿನ ಕೀಲಿಯನ್ನು ಮೇಜಿನ ಮೇಲಿಟ್ಟ. "ಅಧ್ಯಕ್ಷರ ಮಾತು," ಎಂದು ಕೈಮುಗಿದು ನಡೆದುಹೋದ. ನಗುತ್ತಿದ್ದವರ ಬಾಯಿ ಹಾಗೇ ಮುಚ್ಚಿತು.

ಸಭೆ ಮುಗಿದ ಮೇಲೆ ಮುರುಗಪ್ಪ ಅವಳ ಕಿವಿಯ ಹತ್ತಿರ ಬಗ್ಗಿದ. "ಮೇಡಂ, ಅವ್ರನ್ನ ತೆಗೆಯೋಕೆ ನಿಮ್ಗಾಗಲ್ಲ. ಅದು ಅವ್ರಿಗೂ ಗೊತ್ತೈತೆ. ಆದ್ರೂ ಹೋದ್ರು ನೋಡ್ರಿ."

ಎಸೆದ ಅವಮಾನವನ್ನೆಲ್ಲ ಅವನೇ ಹೊತ್ತುಕೊಂಡು ಹೋಗಿದ್ದ, ಇವಳ ಮೇಲೆ ಒಂದು ಹನಿಯೂ ಬೀಳದ ಹಾಗೆ. ಚೈತ್ರಾ ಖಾಲಿ ಸಭಾಂಗಣದಲ್ಲಿ ಕೂತು ಆ ಕೀಲಿಯನ್ನೇ ನೋಡಿದಳು. ಮುಟ್ಟಲು ಕೈ ಬರಲಿಲ್ಲ.

ಆದೇಶ ರದ್ದು ಮಾಡೋಣವೆಂದರೆ ಆದೇಶವೇ ಇಲ್ಲ. ಅವನು ರಜೆ ಬರೆದು ತುರುವನೂರಿನ ಮನೆಗೆ ಹೋಗಿದ್ದ. ಅಷ್ಟರಲ್ಲಿ ಸಭೆಯ ವಿಡಿಯೋ ಎಲ್ಲರ ಮೊಬೈಲಿಗೂ ಹೋಗಿತ್ತು.

ಭಾನುವಾರ ಬಸ್ಸು ಹತ್ತಿ ತುರುವನೂರಿಗೆ ಹೋದಳು. ಮನೆಯ ಮುಂದೆ ಅವನ ತಾಯಿ ಕಾಳಕ್ಕ ಕುರಿಮರಿಗೆ ಹಾಲು ಕುಡಿಸುತ್ತಿದ್ದಳು. ಇವಳನ್ನು ನೋಡಿ ಕಣ್ಣು ಕಿರಿದು ಮಾಡಿದಳು.

"ನನ್ನ ಮಗನ್ನ ಎದ್ದೋಗು ಅಂದೋಳು ನೀನೇನವ್ವ?"

"ನಾನೇ ಅಮ್ಮ."

ಕಾಳಕ್ಕ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದಿಟ್ಟಳು. "ಬಿಸಿಲಾಗೆ ಬಂದಿದೀಯ. ಕುಂತ್ಕ. ಕುಡಿ." ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಚೈತ್ರಾ ಕೂತು ಲೋಟ ಎತ್ತಿದಳು, ಕುಡಿಯದೆ ಕೆಳಗಿಟ್ಟಳು.

ತಿಮ್ಮೇಶ್ ಕುರಿಹಟ್ಟಿಯ ಕಡೆಯಿಂದ ಬಂದ. ಹೆಗಲ ಮೇಲೆ ಟವೆಲು, ಅಂಗಿಯ ತುಂಬ ಧೂಳು.

"ಯಾಕೆ ಎದ್ದೋದ್ರಿ? ನಂಗೆ ಪವರ್ ಇಲ್ಲ ಅಂತ ಅಲ್ಲೇ ಹೇಳಬಹುದಿತ್ತಲ್ಲ?"

"ಅವತ್ತು ನಿಮ್ಮ ಮಾತೂ ಒಂದು ಸಾರಿ ನಡೀಲಿ ಅನ್ನಿಸ್ತು."

"ತಮಾಷೆ ಮಾಡಬ್ಯಾಡ್ರಿ." ಅವಳ ದನಿ ಒಡೆಯಿತು. "ದೀಪಕ್ಕೋಸ್ಕರ ಅಲ್ಲ ನಾನು ಹಂಗಂದಿದ್ದು. ಎತ್ತಪ್ಪ ಹೇಳಿದ್ದು ನಿಜ ಆಗಿತ್ತು. ಅದನ್ನ ಮುಚ್ಚಿಕೊಳ್ಳೋಕೆ ನಿಮ್ಮನ್ನ ಬಲಿ ಕೊಟ್ಟೆ. ನನ್ನ ಮುಖ ನಂಗೇ ನೋಡ್ಕಳಕ್ಕಾಗ್ತಿಲ್ಲ."

ತಿಮ್ಮೇಶ್ ಕನ್ನಡಕ ತೆಗೆದ. ನಗಲಿಲ್ಲ. ಒರೆಸುತ್ತಲೇ ನಿಂತ.

"ಹಿರಿಯೂರಿಗೆ ವರ್ಗ ಕೇಳಿದೀನಿ," ಎಂದ. "ಇವತ್ತಲ್ಲ, ಆ ಸಭೆಗೆ ಮುಂಚೇನೇ."

"ನನ್ನಿಂದ ದೂರ ಹೋಗಕ್ಕಾ?"

ಅವನು ಉತ್ತರಿಸುವಷ್ಟರಲ್ಲಿ ಅವಳು ಎದ್ದಿದ್ದಳು. "ಬ್ಯಾಡ, ಹೇಳಬ್ಯಾಡ್ರಿ. ಎಲ್ಲಿ ಅಂದಿದ್ನೋ ಅಲ್ಲೇ ವಾಪಸ್ ತಗಂತೀನಿ. ಆಮ್ಯಾಕೆ ಹೇಳ್ರಿ. ಸಭೆಗೆ ಬರ್ರಿ, ಒಂದೇ ಸಾರಿ." ಮಜ್ಜಿಗೆ ಲೋಟ ಹಾಗೇ ಉಳಿಯಿತು.

ಮುಂದಿನ ಸಭೆಯಲ್ಲಿ ಚೈತ್ರಾ ಎದ್ದು ನಿಂತಾಗ ಮೊಬೈಲುಗಳೂ ಎದ್ದವು.

"ಹೋದ ಸಭೇಲಿ ಮುಖ್ಯಾಧಿಕಾರಿಗಳಿಗೆ ನಾನು ಅಂದದ್ದು ತಪ್ಪು. ಆ ಅಧಿಕಾರ ನಂಗಿಲ್ಲ. ಇದ್ದಿದ್ರೂ ತಪ್ಪೇ. ಅವರು ಕಾನೂನು ಹೇಳಿದ್ರು, ನಾನು ಸಿಟ್ಟು ತೀರಿಸ್ಕಂಡೆ. ಎಲ್ಲರ ಮುಂದೆ ಅವರ ಕ್ಷಮೆ ಕೇಳ್ತೀನಿ."

"ಹಂಗಾದ್ರೆ ಮುಖ ನೋಡ್ತಿದ್ದದ್ದು?" ಎತ್ತಪ್ಪ ಬಿಡುವವನಲ್ಲ.

"ಅದು ನಿಜ," ಎಂದಳು. "ಅದಕ್ಕೆ ಕ್ಷಮೆ ಕೇಳಲ್ಲ. ಮುಂದಿನ ವಿಷಯ ತಗಳ್ರಿ."

ಆ ದಿನ ಯಾರೂ ನಗಲಿಲ್ಲ. ಎತ್ತಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೂತ.

ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದಳು. ಮೈಯೆಲ್ಲ ನಾಚಿಕೆಯಿಂದ ಸುಡುತ್ತಿತ್ತು. ನೀರಿಗೆಂದು ಬೆಲ್ಲು ಒತ್ತಿದಳು. ಬಾಗಿಲು ತೆರೆಯಿತು. ನೀರಿನ ಲೋಟ ಹಿಡಿದು ಬಂದವನು ತಿಮ್ಮೇಶ್.

"ಮುರುಗಪ್ಪ ಎಲ್ಲಿ?"

"ಹೋಗ್ಲಾ ಅಂತ ಕೇಳಕ್ಕೆ ಬಂದಿದ್ದ. ಇವತ್ತು ನಾನೇ ಹೋಗ್ತೀನಿ ಅಂದೆ."

ಅವಳು ತಲೆ ಎತ್ತಲಿಲ್ಲ.

"ವರ್ಗ ಆಯ್ತು. ಸೋಮವಾರದಿಂದ ಹಿರಿಯೂರು," ಎಂದ. "ಈ ಆಫೀಸ್ನಾಗೆ ಇದ್ಕಂಡು ನಿಮ್ಮನ್ನ ಕೇಳೋಕೆ ನಂಗೆ ಮುಖ ಇರ್ಲಿಲ್ಲ ಮೇಡಂ. ಅದಕ್ಕೇ ವರ್ಗ ಕೇಳಿದ್ದು. ದೂರ ಹೋಗಕ್ಕಲ್ಲ."

"ಇನ್ನೂ ಮೇಡಂ ಅಂತೀರಲ್ಲ."

"ಸೋಮವಾರದ ತನಕ." ಅವನು ನಕ್ಕ. ಕನ್ನಡಕ ತೆಗೆದ. ಅಂಗಿಯ ತುದಿ ಹುಡುಕಿದ.

ಅವಳು ಕೈ ಚಾಚಿ ಆ ಕನ್ನಡಕ ತೆಗೆದುಕೊಂಡಳು. ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು. ಒರೆಸಿ ಮುಗಿದರೂ ತಲೆ ಎತ್ತಿ ಅವನ ಮುಖ ನೋಡಲು ಧೈರ್ಯ ಬರಲಿಲ್ಲ.

"ಅವ್ವ ಒಂದು ಮಾತು ಹೇಳಿ ಕಳ್ಸವ್ಳೆ," ಎಂದ ತಿಮ್ಮೇಶ್.

"ಏನಂತೆ?"

"ಮಜ್ಜಿಗೆ ಕುಡೀದೇನೇ ಎದ್ದೋದ್ಲಲ್ಲ, ಮತ್ತೆ ಕರ್ಕಂಬಾ ಅಂತ."