ಅಳತೆಗೂ ಬೀಗ ಬೇಕಿತ್ತು

ತಕ್ಕಡಿಯ ಒಂದು ತಟ್ಟೆಯಲ್ಲಿ ಬಟ್ಟೆಯ ಸ್ತನ, ಇನ್ನೊಂದರಲ್ಲಿ ತೂಕದ ಬೊಟ್ಟು. ಟೈಲರಮ್ಮ ಹತ್ತಿಯ ನಡುವೆ ಗಾಜಿನ ಮಣಿಗಳನ್ನು ಚಮಚದಿಂದ ತುಂಬುತ್ತಿದ್ದಳು. ತೂಕ ಹೊಂದದಿದ್ದರೆ ಹಾಕಿಕೊಂಡವರ ಭುಜ ಒಂದು ಕಡೆ ವಾಲುತ್ತದೆ. ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಪರೇಷನ್ನಿನಲ್ಲಿ ಎದೆ ಕಳೆದುಕೊಂಡ ಹೆಂಗಸರು ಅವಳ ವೆಬ್‌ಸೈಟಿನಲ್ಲಿ ಅಳತೆ ಬರೆದು ಕಳಿಸುತ್ತಿದ್ದರು. ಎಡವೋ ಬಲವೋ, ಗಾಯ ಎಲ್ಲಿಯವರೆಗೆ... ಗಂಡನಿಗೂ ತೋರಿಸದ್ದನ್ನೆಲ್ಲ.

ಫೋನ್ ಬಂತು. ಕಚೇರಿಯೊಂದರ ಟೈಪಿಸ್ಟ್, ಹೋದ ವಾರ ಅಳತೆ ಕಳಿಸಿದವಳು.

"ಅಕ್ಕಾ, ನನ್ನ ವಿಷಯ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲಮ್ಮಾ. ಯಾಕೆ?"

"ನನ್ನ ಕುರ್ಚಿ ಮೇಲೆ ಕಿತ್ತಳೆ ಹಣ್ಣಿಟ್ಟಿದ್ರು. ಒಂದೇ ಒಂದು. ಜೊತೆಗೊಂದು ಚೀಟಿ. ಅದರಲ್ಲಿ ನಾನು ನಿಮಗೆ ಬರೆದಿದ್ದ ಅಳತೆ..." ದನಿ ಒಡೆಯಿತು. "ಎಲ್ರೂ ನಗ್ತಿದ್ರು ಅಕ್ಕಾ. ನಾನಿನ್ನು ಅಲ್ಲಿಗೆ ಹೋಗಲ್ಲ."

ಟೈಲರಮ್ಮ ಚಮಚ ಕೆಳಗಿಟ್ಟಳು.

ಆ ಅಳತೆ ನೋಡಬಲ್ಲವರು ಇಬ್ಬರೇ. ತಾನು... ಮತ್ತೆ ಮೇಷ್ಟ್ರು.

ಅವನು ಪಾಠ ಹೇಳುವ ಮೇಷ್ಟ್ರಲ್ಲ, ಸೈಟ್ ಕಟ್ಟಿಕೊಟ್ಟವನು. ಏನು ಕೇಳಿದರೂ ಉದ್ದಕ್ಕೆ ವಿವರಿಸುತ್ತಾನೆಂದು ಅವಳಿಟ್ಟ ಹೆಸರು. ತೀರಿಹೋದ ಅವನ ಹೆಂಡತಿಗೂ ಅವಳೇ ಹೊಲಿದುಕೊಟ್ಟಿದ್ದಳು. ಎರಡು ತಿಂಗಳ ಹಿಂದೆ ಅವನು, "ಇನ್ಮೇಲೆ ನಾವಿಬ್ರೂ ಒಟ್ಟಿಗಿರಬಹುದಲ್ವಾ?" ಎಂದು ಕೇಳಿದ್ದ. ಅವಳು ಉತ್ತರ ಕೊಟ್ಟಿರಲಿಲ್ಲ. ಕೊಡುವುದಾದರೂ ಹೇಗೆ? ತನ್ನ ಎಡಗಡೆಯೂ ಬರೀ ಹತ್ತಿ ಎಂದು ಅವನಿಗೆ ಗೊತ್ತಿರಲಿಲ್ಲ.

ಕರೆದ ಅರ್ಧ ಗಂಟೆಗೆ ಅವನು ಬಂದ.

"ಯಾರಿಗೆ ತೋರಿಸಿದ್ರಿ?" ಬಾಗಿಲಲ್ಲೇ ಕೇಳಿದಳು.

"ಏನನ್ನ?"

ಅವಳು ಎಲ್ಲ ಹೇಳಿದಳು.

"ನಾನು ತೋರಿಸ್ತೀನಿ ಅನ್ಕೊಂಡ್ರಾ, ಟೈಲರಮ್ಮಾ?"

"ಇನ್ಯಾರು? ನಿಮ್ಮನ್ನ ನಂಬಿ ಅಷ್ಟು ಹೆಂಗಸರ ಮೈ ನಿಮ್ಮ ಕೈಗೆ ಕೊಟ್ಟೆ."

ಅವನು ಒಳಗೆ ಬಂದ. "ಆಕೆ ಎಲ್ಲಿ ಕೂತು ಬರೆದಿದ್ದು?"

"ಕಚೇರೀಲಿ. ಅಲ್ಲಿಯ ವೈಫೈನಲ್ಲಿ ಅಂದ್ಲು ಆಕೆ."

ಅವನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟ.

"ನಾನು ತೋರಿಸಿಲ್ಲ. ಆದ್ರೆ ತಪ್ಪು ನಂದೇ. ಸೈಟಿನ ವಿಳಾಸದ ಪಕ್ಕ ಬೀಗದ ಗುರುತು ಯಾಕಿಲ್ಲ ಅಂತ ನೀವು ಆವತ್ತು ಕೇಳಿದ್ರಿ. ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಅನ್ನೋ ಆ ಬೀಗ ದುಡ್ಡು ಕಟ್ಟಿಸಿಕೊಳ್ಳೋ ಸೈಟಿಗೆ ಬೇಕು, ನಮ್ಮದು ಬರೀ ಅಳತೆ ತಾನೇ ಅಂದೆ."

"ಅಂದಿದ್ರಿ."

"ಅದಿಲ್ಲದಿದ್ರೆ ಬರೆದದ್ದು ಪೋಸ್ಟ್‌ಕಾರ್ಡ್ ಥರ ಹೋಗುತ್ತೆ. ಆ ವೈಫೈ ನೋಡ್ಕೊಳ್ಳೋನು ಮನಸ್ಸು ಮಾಡಿದ್ರೆ ಓದಬಹುದು. ಯಾರೋ ಓದಿದಾರೆ." ಅವನ ದನಿ ಕುಸಿಯಿತು. "ದುಡ್ಡಿಗೆ ಬೀಗ ಬೇಕು ಅಂತ ಗೊತ್ತಿತ್ತು. ಇದಕ್ಕೂ ಬೇಕು ಅಂತ ಹೊಳೀಲೇ ಇಲ್ಲ."

"ನಿಮ್ಮ ಹೆಂಡತಿ ಅಳತೆ ಆಗಿದ್ರೆ ಹೊಳೀತಿತ್ತೇನೋ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಅವಳ ಅಳತೆ ನನಗೇ ಗೊತ್ತಿರಲಿಲ್ಲ," ಎಂದ ಅವನು, ನಿಧಾನವಾಗಿ. "ಆಪರೇಷನ್ ಆದ್ಮೇಲೆ ನನ್ನೆದುರು ಬಟ್ಟೆ ಬದಲಾಯಿಸಲಿಲ್ಲ. ಆ ಕಡೆ ತಿರುಗಿ ಅನ್ನೋಳು, ತಿರುಗ್ತಿದ್ದೆ. ನನಗೇನೂ ಅನ್ಸಲ್ಲ ಕಣೇ ಅಂತ ಹೇಳೋಕೂ ಬಿಡದೆ ಹೋಗಿಬಿಟ್ಟಳು."

ಅವನು ಹೊರಟುಹೋದ.

ಟೈಪಿಸ್ಟಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. "ನಮ್ಮದೇ ತಪ್ಪಮ್ಮಾ. ನಿನ್ನದು ಸಿದ್ಧವಾಗ್ತಿದೆ, ನಾನೇ ತಂದುಕೊಡ್ತೀನಿ."

"ಬೇಡ ಅಕ್ಕಾ," ಎಂದಳು ಹುಡುಗಿ. "ನನಗಿನ್ನು ಬೇಡ." ಫೋನ್ ಕಟ್ಟಾಯಿತು.

ಅಷ್ಟೇ... ಆ ಮಾತಿಗೆ ಯಾವ ಬೀಗವೂ ಉತ್ತರವಲ್ಲ.

ಮಾರನೆಯ ದಿನ ಮಧ್ಯಾಹ್ನ ಅವನ ಕರೆ ಬಂತು.

"ಸರ್ಟಿಫಿಕೇಟ್ ಹಾಕಿದೀನಿ. ಒಂದು ಅಳತೆ ಕಳಿಸಿ ನೋಡ್ತೀರಾ? ಪರೀಕ್ಷೆಗೆ. ಏನೋ ಒಂದು ಸುಳ್ಳು ಬರೀರಿ, ಇಲ್ಲಿಗೆ ಸರಿಯಾಗಿ ಬರುತ್ತಾ ನೋಡ್ತೀನಿ."

ಪರದೆಯ ಮೇಲೆ ಪುಟ್ಟ ಬೀಗ ಕಂಡಿತು. ಅವಳು 'ಬಲ' ಎಂದು ಬರೆದಳು. ಯಾವುದೋ ಒಂದಷ್ಟು ಅಂಕಿ ಹಾಕಿದಳು.

ಆ ಕಡೆ ಅವನು ಕಾಯುತ್ತಿದ್ದ. ಉಸಿರಾಟ ಕೇಳುತ್ತಿತ್ತು.

ಅವಳು ಎಲ್ಲವನ್ನೂ ಅಳಿಸಿದಳು. 'ಎಡ' ಎಂದು ಬರೆದಳು.

"ಸುಳ್ಳು ಬರೆಯೋಕೆ ಇಷ್ಟು ಹೊತ್ತಾ, ಟೈಲರಮ್ಮಾ?"

"ಸ್ವಲ್ಪ ಇರಿ, ಮೇಷ್ಟ್ರೇ," ಎಂದಳು. ಹೆಸರಿನ ಜಾಗದಲ್ಲಿ ತನ್ನದೇ ಹೆಸರು ಬರೆಯತೊಡಗಿದಳು.