ಮೇಸ್ತ್ರಿ ಹೆಸರಿನ ಕೋಟ್

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕೂತ್ಕೊಳ್ಳಮ್ಮ ಅಂದರೂ ಕೂರಲಿಲ್ಲ. ಶನಿವಾರ ಅವಳ ಗಂಡ ಲಿಫ್ಟ್ ರಿಪೇರಿಗೆಂದು ಅದರ ಕೆಳಗಿನ ಗುಂಡಿಗೆ ಇಳಿದಿದ್ದಾಗ ಲಿಫ್ಟ್ ಮೇಲಿಂದ ಬಂದು ಬಡಿದು ಸತ್ತಿದ್ದ. ಪಂಚನಾಮೆ ಮಾಡಿ, ಆಕಸ್ಮಿಕ ಸಾವು ಎಂದು ಬರೆದವರು ಇದೇ ಇನ್ಸ್‌ಪೆಕ್ಟರ್ ಮೇಡಂ.

“ಆಕಸ್ಮಿಕ ಅಲ್ಲ ಮೇಡಂ. ಮೇಸ್ತ್ರಿ ಮಾತು ನಂಬಿ ಸತ್ತರು,” ಎಂದು ಅವಳು ಫೋನ್ ಮುಂದಿಟ್ಟಳು.

ಅದು ಲಿಫ್ಟ್ ಮೆಕ್ಯಾನಿಕ್‌ಗಳ ಫೋರಂ. ಅಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬೂದು ಪೆಟ್ಟಿಗೆಯಲ್ಲಿ ಎತ್ತಿ ಹಾಕಿ, ಅಂದರೆ ಕೋಟ್ ಮಾಡಿ, ಕೆಳಗೆ ತಮ್ಮ ಉತ್ತರ ಹಾಕುತ್ತಾರೆ. ಅಲ್ಲಿ ಎಲ್ಲರೂ ಗುರು ಎಂದು ನಂಬುವ ಹಿರಿಯ ಮೆಕ್ಯಾನಿಕ್ಕೇ ಈ ಮೇಸ್ತ್ರಿ. ಸತ್ತವನ ಕೊನೆಯ ಉತ್ತರದಲ್ಲಿ ಮೇಸ್ತ್ರಿ ಹೆಸರಿನ ಪೆಟ್ಟಿಗೆಯಿತ್ತು: ‘ಈ ಮಾದರಿಗೆ ಮೇನ್ ಸ್ವಿಚ್ ಆಫ್ ಮಾಡಬೇಕಾಗಿಲ್ಲ.’ ಅದರ ಕೆಳಗೆ ಅವನ ಮಾತು: ‘ಸರಿ ಗುರುಗಳೇ, ಇಳೀತಾ ಇದೀನಿ.’

ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಮೇಸ್ತ್ರಿ ಹೆಸರು ಕೂತಿತು.

ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿಯನ್ನು ಕರೆತಂದರು. ತಲೆಯೆಲ್ಲ ನರೆತ, ಖಡಕ್ ಮನುಷ್ಯ.

“ಇದು ನಿಮ್ಮ ಮಾತಾ?”

“ಅಲ್ಲ.”

“ನಿಮ್ಮ ಹೆಸರಿದೆಯಲ್ರೀ!”

“ಹೆಸರಿದ್ದರೆ? ಮೇನ್ ಸ್ವಿಚ್ ಆಫ್ ಮಾಡದೆ ಇಳಿಯೋ ಅಂತ ಜನ್ಮದಲ್ಲಿ ಹೇಳಿದವನಲ್ಲ ನಾನು. ಇದನ್ನು ಬರೆದಿದ್ದರೆ ನನಗೇ ನೇಣು ಹಾಕಿ.”

ಇಂಥ ಡೈಲಾಗುಗಳನ್ನು ಮೇಡಂ ಬೇಕಾದಷ್ಟು ಕೇಳಿದ್ದರು. ಲಾಕಪ್ಪಿಗೆ ಹಾಕಿ ಅನ್ನುವಷ್ಟರಲ್ಲಿ ಕಂಪ್ಯೂಟರ್ ಮುಂದಿದ್ದ ಕಾನ್‌ಸ್ಟೇಬಲ್ ಕೈಯೆತ್ತಿದ.

“ಒಂದ್ನಿಮಿಷ ಮೇಡಂ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಕೆಲಸ ಆದೀತು.”

ಮೇಸ್ತ್ರಿಯ ಮೂಲ ಬರಹ ಹಿಂದಿನ ಪುಟದಲ್ಲಿತ್ತು: ‘ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಜಡಿದು, ಕೀಲಿ ಜೇಬಿಗೆ ಹಾಕಿಕೊಂಡೇ ಇಳಿಯಿರಿ.’ ತಿದ್ದಿದ ಗುರುತಿಲ್ಲ.

“ಮತ್ತೆ ಆ ಪೆಟ್ಟಿಗೆಯೊಳಗಿನದು?”

“ಕೋಟ್ ಮಾಡುವಾಗ ಪೆಟ್ಟಿಗೆಯೊಳಗೆ ಏನು ಬೇಕಾದರೂ ತಿದ್ದಬಹುದು ಮೇಡಂ. ಹೆಸರು ಮಾತ್ರ ಹಾಗೇ ಉಳಿಯುತ್ತೆ. ಹಿಂದಿನ ಪುಟಕ್ಕೆ ಹೋಗಿ ಯಾರೂ ನೋಡಲ್ಲ.”

ಅಯ್ಯೋ ದೇವರೇ ಎಂದುಕೊಂಡರು ಮೇಡಂ. ತಾವೂ ನೋಡಿರಲಿಲ್ಲವಲ್ಲ.

ಕಾನ್‌ಸ್ಟೇಬಲ್ ಸತ್ತವನ ಪೆಟ್ಟಿಗೆಯ ಮೂಲೆಯಲ್ಲಿದ್ದ ಬಾಣದ ಗುರುತನ್ನು ಒತ್ತಿದ. ಕೋಟ್ ಎತ್ತಿಕೊಂಡ ಜಾಗಕ್ಕೆ ಅದು ಒಯ್ಯುತ್ತದೆ. ಒಯ್ದದ್ದು ಮೇಸ್ತ್ರಿಯ ಬರಹಕ್ಕಲ್ಲ, ‘ಸ್ಪ್ಯಾನರ್’ ಎಂಬ ಅಡ್ಡಹೆಸರಿನವನ ಉತ್ತರಕ್ಕೆ. ಅವನೂ ಮೇಸ್ತ್ರಿಯನ್ನು ಕೋಟ್ ಮಾಡಿದ್ದ. ಆ ಪೆಟ್ಟಿಗೆಯಲ್ಲಿ ಈಗ ಸರಿಯಾದ ಮಾತೇ ಇತ್ತು. ಆದರೆ ಕೆಳಗೆ ಸಣ್ಣಕ್ಷರದಲ್ಲಿ: ‘ಶನಿವಾರ ಸಂಜೆ ತಿದ್ದಲಾಗಿದೆ.’ ಸಾವಾದದ್ದು ಶನಿವಾರ ಮಧ್ಯಾಹ್ನ.

ಫೋರಂ ನಡೆಸುವವರಿಗೆ ನೋಟಿಸ್ ಹೋಯಿತು. ಬುಧವಾರ ಉತ್ತರ ಬಂತು, ತಿದ್ದುವ ಮೊದಲಿನ ಪ್ರತಿಯ ಸಮೇತ. ಸುಳ್ಳು ಮಾತು ಅದರಲ್ಲಿತ್ತು, ಬರೆದವನ ಫೋನ್ ನಂಬರೂ ಇತ್ತು. ಸಂಜೆ ಒಂದು ಕಟ್ಟಡದ ಮಾಳಿಗೆಯ ಮೋಟರ್ ಕೋಣೆಯಲ್ಲಿ ಅವನು ಸಿಕ್ಕ. ಓಡಲಿಲ್ಲ. ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಯಲ್ಲಿ ಒರೆಸಿಕೊಂಡು ಮುಂದೆ ಚಾಚಿದ.

“ಯಾಕೋ ಮಾಡಿದೆ?”

“ಮೂರು ವರ್ಷದ ಹಿಂದೆ ನಾನೊಂದು ತಪ್ಪು ಉತ್ತರ ಬರೆದಿದ್ದೆ ಮೇಡಂ. ಮೇಸ್ತ್ರಿ ಅದನ್ನ ಕೋಟ್ ಮಾಡಿ, ದಪ್ಪ ಕೆಂಪಕ್ಷರದಲ್ಲಿ ‘ಇಂಥವರ ಕೈಗೆ ಸ್ಕ್ರೂಡ್ರೈವರ್ ಕೊಡಬೇಡಿ’ ಅಂತ ಹಾಕಿದರು. ನಾನು ನನ್ನದನ್ನ ಅಳಿಸಿದೆ. ಅವರ ಪೆಟ್ಟಿಗೆಯಲ್ಲಿದ್ದದ್ದನ್ನ ಅಳಿಸೋಕಾಗುತ್ತಾ? ಏನು ಬರೆದರೂ ಕೆಳಗೆ ಯಾರಾದರೂ ಅದನ್ನೇ ತಂದು ಅಂಟಿಸೋರು. ಕೊನೆಗೆ ನನ್ನ ಮಗಳೇ ಓದಿ, ಅಪ್ಪಾ ಇದು ನೀನಾ ಅಂದಳು.”

“ಅದಕ್ಕೆ ಒಬ್ಬನ ಜೀವ ತೆಗೆದೆಯಾ?”

“ಅಯ್ಯೋ ಇಲ್ಲ! ಒಂದು ಗಂಟೆ ಅವರನ್ನೂ ನೋಡಿ ಜನ ನಗಲಿ ಅಂದ್ಕೊಂಡೆ. ಸ್ವಿಚ್ ಆಫ್ ಮಾಡದೆ ಯಾರು ಇಳೀತಾರೆ ಮೇಡಂ?”

“ಮೇಸ್ತ್ರಿ ಹೇಳಿದರೆ ಇಳೀತಾರೆ,” ಎಂದರು ಮೇಡಂ.

ಅವನು ಅಲ್ಲೇ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತ.

ಗುರುವಾರ ಮೇಸ್ತ್ರಿಯನ್ನು ಕರೆಸಿ, ಪ್ರಕರಣದಿಂದ ನಿಮ್ಮ ಹೆಸರು ಕೈಬಿಡುತ್ತಿದ್ದೇವೆ ಎಂದು ತಿಳಿಸಿದರು. ಸ್ಪ್ಯಾನರ್ ಯಾಕೆ ಹಾಗೆ ಮಾಡಿದ ಎಂಬುದನ್ನೂ ಹೇಳಿದರು. ಮೇಸ್ತ್ರಿ ಹುಬ್ಬು ಗಂಟಿಕ್ಕಿದ.

“ಕೆಂಪಕ್ಷರ... ನಾನು ಹಾಗೆ ಬರೆದಿದ್ನಾ?” ಎಂದ. “ದೇವರಾಣೆ ನೆನಪೇ ಇಲ್ಲ ಮೇಡಂ.”