ಹೆಸ್ಟರ್ ಮರದ ಗಾಯಗಳು

೧೮೯೩ರ ಜುಲೈ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಸೈಲಸ್ ಮಂಕ್ಟನ್ ಕುದುರೆಯಿಂದ ಇಳಿದವನೇ ವಾಟಲ್‌ಫರ್ಡ್ ಠಾಣೆಯ ಮೇಜು ಗುದ್ದಿದ. ಫರ್ನಲ್ ಮನೆತನದ ಸಸಿತೋಟವನ್ನು ಅವನು ಹರಾಜಿನಲ್ಲಿ ಹಿಡಿದು ಇನ್ನೂ ತಿಂಗಳಾಗಿರಲಿಲ್ಲ.

"ನನ್ನ ಸೇಬಿನ ಮರ ಬೋಳಿಸಿದಾರೆ ಸಾರ್ಜೆಂಟ್! ಒಂದು ಕಡ್ಡೀನೂ ಬಿಟ್ಟಿಲ್ಲ."

"ತೋಟದ ತುಂಬ ಸೇಬೇ ಇದೆಯಲ್ಲ?"

"ಆ ಜಾತೀದು ಅದೊಂದೇ. ಈ ವಾರ ಕಡ್ಡಿ ತೆಗೆದು ಕಸಿ ಕಟ್ಟಿಸ್ಬೇಕು ಅಂತಿದ್ದೆ. 'ಮಂಕ್ಟನ್ ಸೇಬು' ಅಂತ ಹೆಸರೂ ಇಟ್ಟಾಗಿತ್ತು."

ಸಾರ್ಜೆಂಟ್ ಡೆವ್ಲಿನ್ ದೂರು ಬರೆದುಕೊಂಡು ಕಾನ್‌ಸ್ಟೇಬಲ್ ಹಾಬ್ಸ್‌ನೊಂದಿಗೆ ಹೊರಟ. ಆ ಕಣಿವೆಯಲ್ಲೇ ಹುಟ್ಟಿದ ಅವನಿಗೆ ಫರ್ನಲ್‌ಗಳ ಕತೆ ಹೊಸದಲ್ಲ. ಜೊಸಾಯ ಫರ್ನಲ್ ಹಡಗಿಳಿದಾಗ ಕೈಯಲ್ಲಿದ್ದದ್ದು ಒದ್ದೆ ಪಾಚಿಯಲ್ಲಿ ಸುತ್ತಿದ ಒಂದು ಕಂತೆ ಸೇಬಿನ ಕಡ್ಡಿ. ಹೆಂಡತಿ ಹೆಸ್ಟರ್ ಹೊಳೆಯಿಂದ ನೀರು ಹೊತ್ತಳು, ಅವನು ಕಸಿ ಕಟ್ಟಿದ. ನೋಡನೋಡುತ್ತ ಬೆಟ್ಟದ ಬುಡದವರೆಗೂ ಜಮೀನು ಅವರದಾಯಿತು, ಗೋಪುರದ ಮನೆ ಎದ್ದಿತು. ಗಂಡುಮಕ್ಕಳಿಗೆ ಮಾತ್ರ ಕೈಗೆ ಮಣ್ಣಂಟುವುದೇ ಅವಮಾನ. ರೇಸಿನ ಕುದುರೆ ಸಾಕಿದರು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು. ಈ ವರ್ಷ ಬ್ಯಾಂಕುಗಳು ಬಾಗಿಲು ಹಾಕಿದ ಮೇಲೆ ಉಳಿದಿದ್ದ ತೋಟವೂ ಹೋಯಿತು.

ಮರದ ಬುಡದಲ್ಲಿ ಪಂಚನಾಮೆ ನಡೆಯಿತು. ಪ್ರತಿ ಕೊಂಬೆಯನ್ನೂ ನೀರು ಜಾರುವಂತೆ ಓರೆಯಾಗಿ ಕೊಯ್ದು, ಗಾಯ ಕೊಳೆಯದಂತೆ ಕಸಿಯ ಮೇಣ ಸವರಲಾಗಿತ್ತು. ಬೆಟ್ಟದ ಕಡೆಯ ಒಂದು ಗಾಯ ಮಾತ್ರ ಹಾಗೇ ಉಳಿದಿತ್ತು.

"ಇದೊಳ್ಳೆ ಕಳ್ಳ ಸಾರ್!" ಎಂದ ಹಾಬ್ಸ್. "ಕತ್ತು ಕುಯ್ದು ಪಟ್ಟಿ ಕಟ್ಟಿ ಹೋಗಿದಾನೆ."

ಡೆವ್ಲಿನ್ ನಗಲಿಲ್ಲ. ಹಗೆಯಿಂದ ಕಡಿಯುವವರು ಮೇಣ ಹಚ್ಚುವುದಿಲ್ಲ. ಗಾಯ ತೆರೆದಿಟ್ಟು ಬರಲಾರದ್ದು ಸಸಿತೋಟದವರ ಕೈ. ಫರ್ನಲ್ ಮನೆಯಲ್ಲಿ ಅಂಥ ಕೈ ಒಂದೇ ಉಳಿದಿತ್ತು. ಅವನಿಗೆ ಬೇಸರವಾಯಿತು.

ಜೊಸಾಯನ ಮಗಳು ಆಗಸ್ಟಾ ಚರ್ಚಿನ ಹಿಂದೆ ಬಾಡಿಗೆಯ ಕೋಣೆಯಲ್ಲಿದ್ದಳು. ಅರವತ್ತು ದಾಟಿದ್ದ ಆಕೆ ಮದುವೆಯಾಗಿರಲಿಲ್ಲ. ಒಲೆಯಲ್ಲಿ ಸೇಬಿನ ಕಡ್ಡಿಗಳು ಇನ್ನೂ ಉರಿಯುತ್ತಿದ್ದವು. ಗರಗಸವನ್ನಾಗಲಿ ಮೇಣದ ಡಬ್ಬಿಯನ್ನಾಗಲಿ ಬಚ್ಚಿಡುವ ಗೋಜಿಗೆ ಆಕೆ ಹೋಗಿರಲಿಲ್ಲ.

"ಬಾರಯ್ಯಾ ಡೆವ್ಲಿನ್. ಚಿಕ್ಕೋನಿದ್ದಾಗ ಸೇಬು ಕದಿಯೋಕೆ ಬೇಲಿ ಹಾರಿ ಬರ್ತಿದ್ದೆ, ಇವತ್ತು ಬಾಗಿಲಿಂದ ಬಂದ್ಯಲ್ಲ!"

"ಮರ ನೀವೇ ಕಡಿದ್ರಾ ಅಮ್ಮಾ?"

"ಹೌದು."

"ಯಾಕೆ?"

"ಅಪ್ಪ ಕೊನೇಲಿ ಬೀಜದಿಂದ ಬೆಳೆಸಿದ ಮರ ಅದು. ಹೆಸ್ಟರ್ ಅಂತ ಅಮ್ಮನ ಹೆಸರಿಟ್ಟಿದ್ರು. ಮನೆ ಹೋಗ್ಲಿ, ಜಮೀನು ಹೋಗ್ಲಿ. ನೀರು ಹೊತ್ತು ಹೊತ್ತು ಸತ್ತವಳ ಹೆಸರು ಅಳಿಸಿ ಆ ಮಂಕ್ಟನ್ ತನ್ನ ಹೆಸರು ಹಾಕ್ಕೋತಾನಂತೆ."

"ಆದ್ರೆ ಮೇಣ ಹಚ್ಚಿದೀರಿ. ಮರ ಮತ್ತೆ ಚಿಗುರತ್ತೆ. ಕಡ್ಡಿ ಅವನಿಗೇ ಸಿಗತ್ತೆ."

"ಗೊತ್ತು ಕಣಯ್ಯಾ. ಕೈ ಕೇಳಲಿಲ್ಲ."

ಆಕೆಯನ್ನು ಬಂಧಿಸಿ, ಗರಗಸ ಮತ್ತು ಡಬ್ಬಿಯನ್ನು ಸೀಲು ಮಾಡಿ ಬಂಡಿ ಹತ್ತಿಸಿದರು. ತೋಟದ ಬೇಲಿ ಬಂದಾಗ ಆಕೆ ಕತ್ತೆತ್ತಿದಳು.

"ಬೆಟ್ಟದ ಕಡೆ ಒಂದು ಗಾಯ ಉಳ್ಕೊಂಡಿದೆ, ಲಾಟೀನು ಆರಿಹೋಗಿತ್ತು. ಹಾಗೇ ಬಿಟ್ರೆ ಕೊಳೆಯತ್ತೆ. ಸ್ವಲ್ಪ ನಿಲ್ಸು."

"ಡಬ್ಬಿ ಈಗ ಸಾಕ್ಷಿ ಸಾರ್," ಎಂದ ಹಾಬ್ಸ್ ಮೆಲ್ಲಗೆ.

ಡೆವ್ಲಿನ್ ಬಂಡಿ ನಿಲ್ಲಿಸಿ, ಸೀಲು ಒಡೆದು ಡಬ್ಬಿಯನ್ನು ಆಕೆಯ ಕೈಗಿತ್ತ. ಮಂಕ್ಟನ್ ಬೇಲಿಗೊರಗಿ ನಿಂತಿದ್ದ. ಆಕೆ ಅವನತ್ತ ನೋಡದೆ ಮರದ ಬಳಿ ಹೋಗಿ, ಬೆರಳಲ್ಲಿ ಮೇಣ ತೆಗೆದು ಗಾಯಕ್ಕೆ ಸವರಿದಳು.